ನಮ್ಮಾಕೆಯ ಮೂಗಿಗೆ ಫ್ರಾನ್ಸಿನ ಮೇಣದಬತ್ತಿ

ಕೆಲವರ ಮನೆಗೆ ನೆಂಟರು ಹೇಳದೆ ಬರುತ್ತಾರೆ, ನಮ್ಮ ಮನೆಗೆ ಫಜೀತಿ ಹೇಳದೆ ಬರುತ್ತದೆ. ಬಂದದ್ದು ನೆಂಟರ ಹಾಗೆ ಎರಡು ದಿನ ಇದ್ದು ಹೋಗುವುದೂ ಇಲ್ಲ, ಇದ್ದಲ್ಲೇ ಮರಿ ಹಾಕುತ್ತದೆ. ನಾನು ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಲೆಕ್ಕ ತಪ್ಪಿದ ಹುಡುಗರ ಮೇಲೆ ಹಾರಾಡುವುದು ನನ್ನ ಕಸುಬು. ಮನೆಗೆ ಬಂದರೆ ಮಾತ್ರ ನನ್ನ ಒಂದು ಲೆಕ್ಕವೂ ಸರಿಬರುವುದಿಲ್ಲ. ನಮ್ಮಾಕೆಯ ಮೂಗು ಕೆಟ್ಟ ಕಾಲದಲ್ಲಿ ಏನೇನಾಯಿತು ಎನ್ನುವುದನ್ನು ಕೇಳಿದರೆ ನಿಮಗೂ ಗೊತ್ತಾಗುತ್ತದೆ.

೧. ಡಾಕ್ಟರು ಕೊಟ್ಟ ಹೋಂವರ್ಕ್

ನಮ್ಮಾಕೆ ಹುಮನಾಬಾದಿನ ಹೆಣ್ಣು. ಅವಳ ಮೂಗು ನಮ್ಮ ಓಣಿಗೇ ಹೆಸರಾದದ್ದು. ಮೂರು ಮನೆ ಆಚೆ ಬೇಳೆ ತಳ ಹಿಡಿದರೆ ಇಲ್ಲಿಂದಲೇ ಕೂಗಿ ಎಚ್ಚರಿಸುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು, ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು ಬಂದರೂ ಬಾಗಿಲಲ್ಲೇ ತಡೆದು, "ಎಷ್ಟ ತಿಂದ್ರಿ? ಮೂರೋ, ನಾಕೋ?" ಎಂದು ಕೇಳುತ್ತಿದ್ದಳು. ಅಂಥ ಮೂಗು ಒಂದು ಜ್ವರಕ್ಕೆ ಕೈಕೊಟ್ಟಿತು. ಜ್ವರ ಎಂಟು ದಿನಕ್ಕೆ ಹೋಯಿತು. ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು.

ಸುಳ್ಳು ಯಾಕೆ ಹೇಳಲಿ, ಮೊದಲ ವಾರ ನಾನು ಖುಷಿಯಾಗಿದ್ದೆ. ದಿನಾ ಭಜಿ. ಎರಡನೇ ವಾರ ಅವಳು ಹಾಲಿನ ಪಾತ್ರೆ ಹಿಡಿದು ನನ್ನ ಹತ್ತಿರ ಬಂದು, "ಜರಾ ಮೂಸಿ ನೋಡ್ರಿ, ಕೆಟ್ಟದೇನು?" ಎಂದು ಮೆಲ್ಲಗೆ ಕೇಳಿದಳು. ಮೂವತ್ತು ವರ್ಷದಲ್ಲಿ ಅಡುಗೆಮನೆಯ ಯಾವ ವಿಷಯಕ್ಕೂ ನನ್ನ ಅಭಿಪ್ರಾಯ ಕೇಳಿದವಳಲ್ಲ. ಆವತ್ತಿನಿಂದ ನನಗೆ ಭಜಿ ರುಚಿಸಲಿಲ್ಲ.

ಹುಮನಾಬಾದಿನಲ್ಲಿ ಮೂಗಿನ ಡಾಕ್ಟರೊಬ್ಬರಿಗೆ ತೋರಿಸಿದೆವು. ಅವರು ಟಾರ್ಚು ಹಾಕಿ ನೋಡಿ, "ಮೂಗಿಗೂ ಹುಡುಗರ ಹಂಗ ಅಭ್ಯಾಸ ಮಾಡಸಬೇಕ್ರಿ ಮಾಸ್ತರ. ಒಂದು ಹೂವು, ಒಂದು ಹಣ್ಣು, ಒಂದು ಮಸಾಲಿ, ಒಂದು ಎಲಿ, ಹಿಂಗ ನಾಕ ಥರದ ವಾಸನಿ ಮುಂಜಾನಿ ಸಂಜಿ ಮೂಸಬೇಕು. ಬಂದ್ರ ಬರ್ತದ" ಎಂದರು. ಬರದಿದ್ದರೆ ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಡಾಕ್ಟರ ಮೇಜಿನ ಮೇಲೆ ಗಾಜಿನ ಡಬ್ಬಿಯಲ್ಲಿ ಒಂದು ಮೇಣದಬತ್ತಿ ಉರಿಯುತ್ತಿತ್ತು. ಫ್ರಾನ್ಸಿನದಂತೆ. ಕೋಣೆ ತುಂಬ ಘಮಘಮ. ಹೊರಗೆ ಬಂದ ಮೇಲೆ ನಮ್ಮಾಕೆ ಹೇಳಿದಳು: "ಒಳಗ ಬಂದವ್ರೆಲ್ಲಾ ಮೂಗ ಏರಿಸಿ ನಗ್ತಾರ. ನಾ ಒಬ್ಬಾಕೀನೇ ಗ್ವಾಡಿ ಹಂಗ ಕುಂತಿನ್ರಿ. ನನಗ ಅಂಥಾವೇ ಬೇಕು."

"ಮನ್ಯಾಗ ಲವಂಗ ಅದ, ನಿಂಬಿಹಣ್ಣ ಅದ. ಅದಕ್ಕ ಫ್ರಾನ್ಸ್ ಯಾಕ ಬೇಕು?" ಎಂದೆ.

"ಲವಂಗ ಮೂಸಿ ವಾಸನಿ ಬರಲಿಲ್ಲಂದ್ರ ಅಳು ಬರ್ತದ. ಇದಾದ್ರ, ವಾಸನಿ ಬರಲಿಲ್ಲಂದ್ರೂ ನೋಡಲಾಕರ ಚಂದ ಇರ್ತದ" ಎಂದಳು. ಮೂವತ್ತು ವರ್ಷ ಗಣಿತ ಕಲಿಸಿದವನು, ಈ ಲೆಕ್ಕಕ್ಕೆ ಪೂರ್ತಿ ಮಾರ್ಕು ಕೊಟ್ಟು ಅಂಗಡಿಯ ದಾರಿ ಹಿಡಿದೆ.

೨. ಮೂಗು ಅವಳದು, ಮುಖ ನನ್ನದು

ಹುಮನಾಬಾದಿನ ಹೈವೇ ಬದಿಗೆ ಹೊಸದಾಗಿ ಒಂದು ದೊಡ್ಡ ಗಿಫ್ಟ್ ಅಂಗಡಿ ಆಗಿದೆ. ಅಲ್ಲಿಯ ಹುಡುಗಿ ಇಪ್ಪತ್ತು ಡಬ್ಬಿ ಸಾಲಾಗಿ ಇಟ್ಟಳು. ಒಂದೊಂದೇ ಮುಚ್ಚಳ ತೆಗೆದು, "ಮೇಡಂ, ಇದು ಮೊದಲ ಹಗುರ ಬರ್ತದ, ಆಮ್ಯಾಲ ನಿಧಾನ ಏರ್ತದ" ಎಂದು ವಿವರಿಸತೊಡಗಿದಳು. ನಮ್ಮಾಕೆ ತನ್ನ ಮೂಗಿನ ಸುದ್ದಿ ಹೇಳಲೇ ಇಲ್ಲ. ಕಣ್ಣು ಮುಚ್ಚಿ ಮೂಸಿ, "ಹೂಂ, ಜರಾ ಖಾರ ಆಯ್ತು", "ಇದು ಪರವಾಗಿಲ್ಲ, ಖರೇ ಖಾನದಾನಿ ಇಲ್ಲ" ಎಂದು ತೀರ್ಪು ಕೊಡುತ್ತ ಹೋದಳು. ಹುಡುಗಿ ಬೆರಗಾಗಿ, "ಮೇಡಂ, ನಿಮಗ ಭಾಳ ತಿಳೀತದರಿ" ಎಂದಳು.

ಒಂದು ಡಬ್ಬಿಯ ಮೇಲೆ ಸುಟ್ಟ ಕಟ್ಟಿಗೆಯ ಪರಿಮಳ ಎಂದು ಬರೆದಿತ್ತಂತೆ. ನಾನು ಸುಮ್ಮನಿರಲಾರದೆ, "ಹೊಗಿ ವಾಸನಿ ಫ್ರಾನ್ಸಿಂದ ತರಸಬೇಕೇನವ್ವಾ? ನಮ್ಮವ್ವ ನಲವತ್ತ ವರ್ಷ ಒಲಿ ಊದ್ಯಾಳ, ಆಕಿಗಿ ಯಾರೂ ಇಂಥಾ ಡಬ್ಬಿ ಕೊಡಲಿಲ್ಲ" ಎಂದೆ. ಹುಡುಗಿ ನಕ್ಕಳು. ನಮ್ಮಾಕೆ ನಗಲಿಲ್ಲ. ಅವಳು ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದಳು.

ಆಗ ನನಗೆ ಹೊಳೆಯಿತು. ಪ್ರತಿ ಡಬ್ಬಿ ತೆಗೆದಾಗಲೂ ಅವಳು ಮೂಸುವ ನಾಟಕ ಮಾಡಿ, ಆಮೇಲೆ ಓರೆಗಣ್ಣಿನಿಂದ ನನ್ನ ಮುಖ ಓದುತ್ತಿದ್ದಳು. ನಾನು ಹುಬ್ಬು ಗಂಟಿಕ್ಕಿದ್ದನ್ನು ಬದಿಗಿಟ್ಟಳು, ಮುಖ ಅರಳಿದ್ದನ್ನು ಹತ್ತಿರಕ್ಕೆ ಎಳೆದುಕೊಂಡಳು. ಪಾಪ ಅನ್ನಿಸಿ, ಮುಖ ಇನ್ನಷ್ಟು ಸ್ಪಷ್ಟವಾಗಿ ಕಾಣಲೆಂದು ನಾನೂ ಕನ್ನಡಕ ತೆಗೆದೆ. ಹೀಗೆ ಗುಲಾಬಿ, ನಿಂಬೆ, ಲವಂಗ, ಅಂಜೂರದ ಎಲೆ, ನಾಲ್ಕೂ ಆಯ್ಕೆಯಾದವು. ಕೊನೆಗೆ ಹುಡುಗಿ ಮಲ್ಲಿಗೆಯದೊಂದು ತೆಗೆದಳು. ಅದು ನಿಜಕ್ಕೂ ನಮ್ಮ ಮದುವೆಯ ದಿನಗಳನ್ನು ನೆನಪಿಸಿತು, ನಾನು ಮೈಮರೆತು ನಕ್ಕುಬಿಟ್ಟೆ.

ನಮ್ಮಾಕೆ ಫಟ್ಟನೆ ಮುಚ್ಚಳ ಹಾಕಿದಳು. "ಇದು ಬ್ಯಾಡ. ಮೂವತ್ತ ವರ್ಷದಾಗ ಇವ್ರು ಹಿಂಗ ನಕ್ಕಿದ್ದು ನಾ ನೋಡಿಲ್ಲ. ಯಾರ ನೆನಪು ಬಂತೋ ಏನೋ!"

೩. ಊದಬಾರದ ದೀಪ

ನಮ್ಮವ್ವ ನಾರಾಯಣಪುರದವಳು, ಎಂಬತ್ತು ದಾಟಿದೆ. ಎದ್ದು ನಿಲ್ಲಬೇಕೆಂದರೆ ಇಬ್ಬರು ಹಿಡಿಯಬೇಕು. ಮೊದಲ ಸಂಜೆ ನಮ್ಮಾಕೆ ಅಂಜೂರದ ಬತ್ತಿ ಹಚ್ಚಿ, ಹತ್ತು ನಿಮಿಷ ಮೂಸಿ, ಆರಿಸಲೆಂದು ಗಲ್ಲ ಉಬ್ಬಿಸಿದ್ದೇ ತಡ, ದೇವರ ಜಗುಲಿಯ ಮುಂದೆ ಕುಳಿತಿದ್ದ ನಮ್ಮವ್ವ ಯಾರ ಸಹಾಯವೂ ಇಲ್ಲದೆ ಎದ್ದು ನಿಂತಳು.

"ಏ ಏ ಏ! ದೀಪ ಹಚ್ಚೋ ಹೊತ್ತಿನ್ಯಾಗ ಬಾಯಿಲೆ ದೀಪ ಊದ್ತಾರೇನವ್ವಾ? ಲಕ್ಷ್ಮಿ ಎದ್ದು ಹೋಗ್ತಾಳ!"

"ಅವ್ವಾ, ಅದು ದೀಪಲ್ಲ. ಫ್ರಾನ್ಸಿಂದು" ಎಂದೆ.

"ಫ್ರಾನ್ಸದಾಗ ಲಕ್ಷ್ಮಿ ಇರಂಗಿಲ್ಲೇನು? ಇಲ್ಲಂದ್ರ ಅಷ್ಟ ರೊಕ್ಕ ಅವ್ರ ಕಡಿ ಹ್ಯಾಂಗ ಹೋಯ್ತು?"

ಬತ್ತಿ ಉರಿಯುತ್ತಲೇ ಇತ್ತು. ಡಬ್ಬಿಯ ತಳದಲ್ಲಿ ಅರವತ್ತು ತಾಸು ಉರಿಯುತ್ತದೆ ಎಂದು ಬರೆದಿತ್ತು. ದಿನಕ್ಕೆ ಹತ್ತು ನಿಮಿಷದಂತೆ ವರ್ಷ ಬರಬೇಕಾದದ್ದು ಹೀಗಾದರೆ ಮೂರು ದಿನವೂ ಬಾಳುವುದಿಲ್ಲ ಎಂದು ನಾನು ಅವ್ವನಿಗೆ ಬಾಯಿಲೆಕ್ಕ ಹೇಳಿದೆ. ಅವಳಿಗೂ ಸೊಸೆಯ ಮೂಗಿನ ಚಿಂತೆ ಇಲ್ಲದಿಲ್ಲ. ಸ್ವಲ್ಪ ಯೋಚಿಸಿ, "ದೀಪ ಶಾಂತ ಮಾಡೋ ಪದ್ಧತಿ ಬ್ಯಾರೆ ಅದ" ಎಂದು ಒಂದು ಚೆಂಡುಹೂವನ್ನು ಹಾಲಿನಲ್ಲಿ ಅದ್ದಿ, ಕಣ್ಣು ಮುಚ್ಚಿ, ಬತ್ತಿಯ ತಲೆಯ ಮೇಲೆ ಇಟ್ಟಳು. ಛುಂಯ್ ಎಂದು ಬತ್ತಿ ಆರಿತು. ಹೂವು ಮೇಣದಲ್ಲೇ ಉಳಿಯಿತು.

ಮರುದಿನ ಇನ್ನೊಂದು ಹೂವು. ಅದರ ಮರುದಿನ ಮತ್ತೊಂದು. ವಾರದಲ್ಲಿ ಆ ಡಬ್ಬಿಯೊಳಗೆ ಒಂದು ಮಡಿ ತೋಟವೇ ಆಯಿತು. ಸಂಜೆ ಬಂದುಹೋಗುವ ಹೆಣ್ಣುಮಕ್ಕಳಿಗೆ ನಮ್ಮವ್ವ, "ನಮ್ಮ ಸೊಸಿ ಮೂಗಿನ ವ್ರತ ಹಿಡದಾಳ" ಎಂದು ಗಂಭೀರವಾಗಿ ಹೇಳತೊಡಗಿದಳು. ಒಂಬತ್ತನೇ ದಿನ ಆಚೆಮನೆಯಾಕೆ ತಾನೇ ಒಂದು ಬುಟ್ಟಿ ಹೂವು ತಂದು, ಡಬ್ಬಿಗೆ ಕೈಮುಗಿದು, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಮಾಸ್ತರ, ಇದು ಮಂಡಿನೋವಿಗೂ ನಡೀತದೇನ್ರಿ?"

೪. ಅತ್ತರಿನ ಚಾಚಾ ಕಂಡ ಫ್ರಾನ್ಸ್

ಎರಡು ವಾರವಾದರೂ ವಾಸನೆ ಬರಲಿಲ್ಲ. ಬತ್ತಿಯೇ ಸತ್ತಿದೆಯೋ ಏನೋ ಎಂದು ನಮ್ಮಾಕೆಗೆ ಅನುಮಾನ ಬಂತು. ಊರ ಕೋಟೆ ಇರುವ ಕಿಲ್ಲಾದ ಕಡೆ ಅತ್ತರು ಮಾರುವ ಒಬ್ಬ ಚಾಚಾ ಇದ್ದಾರೆ. ಮೂರು ತಲೆಮಾರಿನ ಅಂಗಡಿ. ಅವರ ಮೂಗು ಸುಳ್ಳು ಹೇಳುವುದಿಲ್ಲ ಎಂದು ಮನೆಗೇ ಕರೆದು ತಂದೆ.

ಚಾಚಾ ಮೊದಲು ಗುಲಾಬಿ ಮೂಸಿ, "ಮಾಲ್ ಅಸಲಿ ಅದ. ನಮ್ಮ ಗುಲಾಬೇ, ಕೋಟು ಹಾಕೊಂಡ ಬಂದದ" ಎಂದರು. ನಿಂಬೆ, ಲವಂಗ ಪಾಸಾದವು. ಅಂಜೂರದ ಡಬ್ಬಿ ನಾನು ಹಚ್ಚಿಕೊಟ್ಟೆ. ಚಾಚಾ ಕಣ್ಣು ಮುಚ್ಚಿದರು. ಹುಬ್ಬು ಮೇಲೇರಿತು. ಇನ್ನೊಮ್ಮೆ ಮೂಸಿದರು.

"ಮೊದಲ ಅಂಜೂರ ಬರ್ತದ... ಆಮ್ಯಾಲ ಚೆಂಡಹೂವ... ಆಮ್ಯಾಲ..." ಎಂದು ನಿಂತರು. "ಹಾಲು ಉಕ್ಕಿ ಒಲಿ ಮ್ಯಾಲ ಚೆಲ್ಲಿದ್ದು!"

ನಮ್ಮವ್ವ ಮೆಲ್ಲಗೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು. ಚಾಚಾ ಕಣ್ಣು ತೆರೆದು, ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಕಮಾಲ್ ಅದ ಮಾಸ್ತರ! ಈ ಫ್ರಾನ್ಸಿನವ್ರು ನಮ್ಮ ಮಂದಿ ಅಡಗಿಮನಿ ಯಾವಾಗ ನೋಡಿ ಹೋದ್ರು?" ಎಂದರು.

೫. ಕಾಪಿ ಹೊಡೆದ ವಿದ್ಯಾರ್ಥಿನಿ

ಅಭ್ಯಾಸ ಕೊಟ್ಟ ಮೇಲೆ ಪರೀಕ್ಷೆ ಮಾಡದಿದ್ದರೆ ನಾನೆಂಥ ಮಾಸ್ತರ? ದಿನಾ ಮುಂಜಾನೆ ನಮ್ಮಾಕೆಯ ಕಣ್ಣಿಗೆ ಟವೆಲು ಕಟ್ಟಿ, ಒಂದೊಂದು ಡಬ್ಬಿ ಮೂಗಿನ ಮುಂದೆ ಹಿಡಿದು, "ಯಾವುದು?" ಎಂದು ಕೇಳತೊಡಗಿದೆ. ಪರೀಕ್ಷೆಯ ಮೊದಲ ವಾರ ಸೊನ್ನೆ. ಎರಡನೇ ವಾರ ಇದ್ದಕ್ಕಿದ್ದಂತೆ ನಾಲ್ಕಕ್ಕೆ ನಾಲ್ಕು! ಮರುದಿನವೂ ನಾಲ್ಕು. ಐದು ದಿನ ಸತತವಾಗಿ ನೂರಕ್ಕೆ ನೂರು. ನಾನು ಶಾಲೆಯಲ್ಲಿ ಪೇಢೆ ಹಂಚಿದೆ. ಡಾಕ್ಟರಿಗೂ ಫೋನು ಮಾಡಿದೆ.

ಆರನೇ ದಿನ ನನಗೆ ನೆಗಡಿ. ಮೂಗು ಕಟ್ಟಿತ್ತು. ಆವತ್ತು ಅವಳಿಗೆ ಮತ್ತೆ ಸೊನ್ನೆ ಬಂತು.

ಮಾಸ್ತರನ ತಲೆ ಓಡಿತು. ನೆಗಡಿ ನನಗಾದರೆ ಮಾರ್ಕು ಅವಳದು ಯಾಕೆ ಹೋಗಬೇಕು? ಟವೆಲು ಬಿಚ್ಚಿ, "ಖರೇ ಹೇಳು" ಎಂದೆ. ತಲೆ ತಗ್ಗಿಸಿ ಒಪ್ಪಿಕೊಂಡಳು. "ಗುಲಾಬಿ ತೆಗದ್ರ ನೀವು ಸೀನ್ತೀರಿ. ನಿಂಬಿಹಣ್ಣಂದ್ರ ಬಾಯಾಗ ನೀರ ಬಂದು ಗುಟುಕ್ ಅಂತೀರಿ. ಲವಂಗಕ್ಕ ಹುಳುಕಹಲ್ಲು ನೆನಪಾಗಿ ಚ್ ಚ್ ಅಂತೀರಿ. ಅತ್ತಿಯವ್ರ ಅಂಜೂರ ಬಂದ್ರ ಉಸಿರೇ ಬಿಡಂಗಿಲ್ಲ."

ಸಿಟ್ಟು ನೆತ್ತಿಗೇರಿತು. "ಯಾಕ ಹಿಂಗ ಮಾಡ್ದಿ?" ಎಂದು ಹಾರಾಡಿದೆ.

"ದಿನಾ ಸೊನ್ನಿ ಹಾಕೋವಾಗ ನಿಮ್ಮ ದನಿ ಸಣ್ಣ ಆಗ್ತಿತ್ರಿ. ಕೇಳಲಾಕ ಆಗಲಿಲ್ಲ" ಎಂದಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಮೂವತ್ತು ವರ್ಷದ ಸೇವೆಯಲ್ಲಿ ಎಷ್ಟೋ ಹುಡುಗರ ಕಾಪಿ ಹಿಡಿದಿದ್ದೇನೆ. ಮಾಸ್ತರನ ಮರ್ಯಾದೆ ಉಳಿಸಲು ಮಾಸ್ತರನನ್ನೇ ನೋಡಿ ಕಾಪಿ ಹೊಡೆದವಳು ಇವಳೊಬ್ಬಳೇ.

೬. ಐದನೆಯ ವಾಸನೆ

ಮೂರು ತಿಂಗಳು ತುಂಬಿ ಡಾಕ್ಟರಿಗೆ ತೋರಿಸುವ ದಿನ ಬಂತು. ಹೊರಡುವ ಮುಂಚೆ ನಮ್ಮಾಕೆ, "ಇವತ್ತೂ ಆಗಂಗಿಲ್ಲ ಅಂದ್ರ ಸಾಕ್ರಿ. ಬತ್ತಿನೂ ಬ್ಯಾಡ, ಡಾಕ್ಟರೂ ಬ್ಯಾಡ. ಹಿಂಗೇ ಇರ್ತೀನಿ" ಎಂದಳು. ಹಬ್ಬಕ್ಕೆ ಹೋಳಿಗೆ ಮಾಡುವುದನ್ನೂ ಬಿಟ್ಟಿದ್ದಳು. ವಾಸನೆ ಇಲ್ಲದ ಹೂರಣ ಕುದಿಸುವುದು ಯಾರಿಗೆ, ಎನ್ನುತ್ತಿದ್ದಳು. ನಾನು ಅವಳ ಚಪ್ಪಲಿ ತಂದು ಮುಂದಿಟ್ಟೆ.

ಹುಮನಾಬಾದಿನ ಬಸ್ಸು ತಪ್ಪಿತು. ಎಂಟು ಜನರ ಜಾಗದಲ್ಲಿ ಹದಿಮೂರು ಜನ ಕೂಡುವ ಶೇರ್ ಆಟೋ ಹತ್ತಿದೆವು. ಊರ ಹೊರಗೆ ಮಂಠಾಳದ ರೈತನೊಬ್ಬ ಕೈ ಮಾಡಿದ. ಅವನನ್ನು ಹತ್ತಿಸಿಕೊಂಡ ಮೇಲೆ ಗೊತ್ತಾಯಿತು, ಅವನ ಹಿಂದೆ ಹಗ್ಗವಿತ್ತು, ಹಗ್ಗದ ಕೊನೆಗೆ ಒಂದು ಹೋತವಿತ್ತು.

ಬೆಳೆದ ಗಂಡು ಆಡಿನ ನಾತವನ್ನು ಹತ್ತಿರ ಕೂತವರಿಗೆ ವಿವರಿಸಬೇಕಾಗಿಲ್ಲ, ದೂರ ಇರುವವರಿಗೆ ವಿವರಿಸಲು ಆಗುವುದಿಲ್ಲ. ಸೆರಗು, ಟವೆಲು, ಟೋಪಿ, ಯಾರ ಕೈಗೆ ಏನು ಸಿಕ್ಕಿತೋ ಅದು ಮೂಗಿಗೆ ಹೋಯಿತು. ನಮ್ಮಾಕೆ ಮಾತ್ರ ಕಿಟಕಿಯ ಆಚೆ ತೊಗರಿ ಹೊಲ ನೋಡುತ್ತ ಸುಮ್ಮನೆ ಕೂತಿದ್ದಳು. ಎರಡು ಮೈಲು ಹೋಗುವಷ್ಟರಲ್ಲಿ ಎಲ್ಲರೂ, "ಇಳಸ್ರೀ ಅದನ್ನ!" ಎಂದು ಬೊಬ್ಬೆ ಹೊಡೆದರು.

ರೈತ ಕೈಮುಗಿದ. "ಮಗಳ ಮನ್ಯಾಗ ಎಂಟ ಆಡ ಅದಾವ್ರಿ, ಒಂದೂ ಹೋತ ಇಲ್ಲ. ಅವು ದಾರಿ ನೋಡಾಕತ್ತಾವ್ರಿ."

ಡ್ರೈವರು ಕೇಳಲಿಲ್ಲ, ಗಾಡಿ ನಿಲ್ಲಿಸಿದ. ರೈತ ಹಗ್ಗ ಎಳೆದ, ಹೋತ ಹಟ ಹಿಡಿಯಿತು, ಹಿಂದಿನಿಂದ ಇಬ್ಬರು ನೂಕಿದರು. ಅದು ಹಾರಿ ಬಂದು ಮುಂಗಾಲು ಎರಡನ್ನೂ ನಮ್ಮಾಕೆಯ ತೊಡೆಯ ಮೇಲೆ ಊರಿ, ಕುತ್ತಿಗೆಯನ್ನು ಅವಳ ಮುಖಕ್ಕೇ ಒತ್ತಿ ನಿಂತಿತು.

"ಥೂ! ಏನಿದು ಹೊಲಸ ನಾತ!" ಎಂದಳು ನಮ್ಮಾಕೆ.

ನಾನು ಗಕ್ಕನೆ ಅವಳ ಕಡೆ ತಿರುಗಿದೆ. "ಏನಂದಿ? ಇನ್ನೊಮ್ಮೆ ಅನ್ನು!"

"ನಾತ ರೀ! ನಾತ ಬರಾಕತ್ತದ!" ಎಂದವಳೇ ಆ ಹೋತದ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ಅದರ ಗಡ್ಡದೊಳಗೆ ಮುಖ ಹುದುಗಿಸಿ, ಉಸಿರು ಎಳೆದಳು. ಕೆಮ್ಮಿದಳು, ನಕ್ಕಳು, ಅತ್ತಳು, ಮತ್ತೆ ಎಳೆದಳು. "ಇದನ್ನ ಇಳಸಬ್ಯಾಡ್ರಿ! ಇಳಸಿದ್ರ ನಾನೂ ಇಳೀತೀನಿ!" ನನ್ನ ಕಣ್ಣಲ್ಲಿ ಸಂತೋಷದ ನೀರು ಬಂತು. ಉಳಿದ ಹನ್ನೊಂದು ಜನರ ಕಣ್ಣಲ್ಲೂ ನೀರಿತ್ತು, ಅದರ ಕಾರಣ ಬೇರೆ.

ಹುಮನಾಬಾದು ಮುಟ್ಟುವ ತನಕ ಹೋತ ಅವಳ ಪಕ್ಕದಲ್ಲೇ ಬಂತು. ಇಳಿಯುವಾಗ ರೈತ, "ಯಕ್ಕಾ, ನಮ್ಮ ಹೋತಕ್ಕ ಇಷ್ಟ ಮರ್ಯಾದಿ ನಮ್ಮ ಮನ್ಯಾಗೂ ಸಿಕ್ಕಿಲ್ಲ" ಎಂದು ಕಣ್ಣೊರೆಸಿಕೊಂಡ.

ಡಾಕ್ಟರು ಪರೀಕ್ಷೆ ಮಾಡಿದರು. ಮೇಜಿನ ಮೇಲಿನ ಬತ್ತಿಯ ಪರಿಮಳವೂ ಅವಳಿಗೆ ಸಣ್ಣಗೆ ಬರುತ್ತಿತ್ತು. ಅವರಿಗೆ ನಮಗಿಂತ ಖುಷಿ. ನಿಜವಾಗಿ ಮೂಗು ತೆರೆದದ್ದು ಯಾವುದಕ್ಕೆ ಎಂದು ಬರೆದುಕೊಳ್ಳಲು ಪೆನ್ನು ತೆಗೆದರು.

"ಬ್ಯಾರೆ ಪೇಶೆಂಟಿಗೂ ಹೇಳ್ತೀನಿ. ಹೂವಾ, ಹಣ್ಣಾ, ಮಸಾಲಿನಾ, ಎಲಿನಾ? ನಾಕರಾಗ ಯಾವ ಬತ್ತಿಗಿ ಬಂತ್ರಿ?"

ನಾನು ನೆಲ ನೋಡಿದೆ. ನಮ್ಮಾಕೆ ತಲೆ ಎತ್ತಿ ಹೇಳಿದಳು: "ಆ ನಾಕೂ ಅಲ್ರಿ, ಐದನೇದು."

"ಐದನೇದಾ? ಅದೂ ಫ್ರಾನ್ಸಿಂದೇನ್ರಿ?"

"ಇಲ್ರಿ, ಮಂಠಾಳದ್ದು. ಅದಕ್ಕ ಬತ್ತಿ ಇರಂಗಿಲ್ಲ, ಗಡ್ಡ ಇರ್ತದ."