ಬುನಾದಿಗೆ ಬಂದ ಬಹುಮಾನ

ಕೇಟಿ ಎಂಬ ಅಮೆರಿಕನ್ ಊರಿನ ಕನ್ನಡ ಸಂಘ ದಸರೆಗೆ ‘ಮನೆಯಲ್ಲೇ ಮಾಡಿದ ಅರಮನೆ’ ಸ್ಪರ್ಧೆ ಸಾರಿದಂದಿನಿಂದ ಜಯತೀರ್ಥನಿಗೆ ಅನ್ನ ಇಳಿಯುತ್ತಿರಲಿಲ್ಲ. ಪಕ್ಕದ ಮನೆಯ ಗೋಪಾಲಕೃಷ್ಣ ಥರ್ಮೋಕೋಲಿನಲ್ಲಿ ಮೈಸೂರು ಅರಮನೆ ಎಬ್ಬಿಸಿದ್ದ. ಗುಮ್ಮಟ, ಕಮಾನು, ನೂರಾರು ಪುಟ್ಟ ದೀಪ. ಹೋದ ವರ್ಷ ರಂಗೋಲಿಗೂ ಅವನೇ ಫಸ್ಟು. ಸಂಘದ ಕುರ್ಚಿ, ಪರದೆಗಳು ಕೂಡ ಅವನ ಗ್ಯಾರೇಜಿನಲ್ಲೇ ಇದ್ದವು. ಜಯತೀರ್ಥನಿಗೆ ಅದಕ್ಕೂ ಹೊಟ್ಟೆಕಿಚ್ಚು.

“ಅವನದು ರಾಜರದು. ನಾನು ಚಕ್ರವರ್ತಿಗಳದು ಮಾಡ್ತೀನಿ!” ಎಂದು ವಿಜಯನಗರದ ಅರಮನೆಗೆ ಕೈ ಹಾಕಿದ. ಹಂಪಿಯಲ್ಲಿ ಉಳಿದಿರುವುದು ಕಲ್ಲಿನ ಬುನಾದಿ ಮಾತ್ರ. ಮೇಲಿನ ಮರದ ಮಹಡಿಗಳು ಎಂದೋ ಸುಟ್ಟುಹೋದವು. ನೋಡಿದವರಿಲ್ಲ, ಹಾಗಾಗಿ ತಪ್ಪು ಹಿಡಿಯುವವರೂ ಇಲ್ಲ. ಗಟ್ಟಿ ಪ್ಲೈವುಡ್ ಬುನಾದಿಯ ಮೇಲೆ ಐಸ್‌ಕ್ರೀಮ್ ಕಡ್ಡಿಗಳಿಂದ ಏಳಂತಸ್ತು ಕಟ್ಟಿದ.

“ನಾಲ್ಕು ಸಾಕು ಕಣ್ರೀ,” ಎಂದಳು ಹೆಂಡತಿ ವಸಂತಾ.

“ಅವನ ಗೋಪುರವೇ ಐದಂತಸ್ತಿದೆ ಕಣೇ!”

ಸ್ಪರ್ಧೆಯ ದಿನ ಹೆದ್ದಾರಿಯಲ್ಲಿ ಗೋಪಾಲಕೃಷ್ಣನ ವ್ಯಾನು ಇವರ ಕಾರಿನ ಪಕ್ಕಕ್ಕೇ ಬಂತು. ಪುಣ್ಯಾತ್ಮ ಒಳಗೆ ಅರಮನೆಯ ದೀಪ ಹತ್ತಿಸಿಕೊಂಡೇ ಹೊರಟಿದ್ದ! ಜಯತೀರ್ಥ ಕತ್ತು ಚಾಚಿ ನೋಡಿದ, ನೋಡುತ್ತಲೇ ಇದ್ದ.

“ರೀ, ಮುಂದೆ ನೋಡಿ!”

ಗಕ್ಕನೆ ಬ್ರೇಕ್ ಬಿತ್ತು. ಹಿಂದಿನ ಸೀಟಿನಿಂದ ಹಪ್ಪಳ ಮುರಿದಂಥ ಸದ್ದು. ಏಳೂ ಅಂತಸ್ತು ಕಡ್ಡಿಗಳ ರಾಶಿಯಾಗಿತ್ತು. ಬುನಾದಿಯೊಂದು ಅಲುಗದೆ ಕೂತಿತ್ತು.

ವಾಪಸ್ ಹೋದರೆ ಗೋಪಾಲಕೃಷ್ಣ ನಗುತ್ತಾನೆ. ಕಡ್ಡಿಗಳನ್ನು ಗುಡಿಸಿ, ಬರೀ ಬುನಾದಿಯನ್ನೇ ಮೇಜಿನ ಮೇಲಿಟ್ಟು, ಜಯತೀರ್ಥ ಕಂಬದ ಮರೆಗೆ ಸರಿದ.

ತೀರ್ಪು ಕೊಡಲು ಆಸ್ಟಿನ್ನಿನಿಂದ ಬಂದಿದ್ದ ಇತಿಹಾಸದ ಪ್ರೊಫೆಸರ್ ಶಕುಂತಲಾ ಅದರ ಮುಂದೆ ನಿಂತೇಬಿಟ್ಟರು. “ಎಲ್ಲರೂ ಅಲಂಕಾರ ಮಾಡಿದಾರೆ. ಇವರೊಬ್ಬರೇ ಹಂಪಿಯಲ್ಲಿ ಇರೋದನ್ನ ಇರೋ ಹಾಗೆ ತೋರಿಸಿದಾರೆ. ಎಂಥ ಸಂಯಮ! ಮೊದಲ ಬಹುಮಾನ ಇದಕ್ಕೇ.”

ಗೋಪಾಲಕೃಷ್ಣ ಎರಡನೆಯವನಾದ. ಜಯತೀರ್ಥನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಗ ಸಂಘದ ಕಾರ್ಯದರ್ಶಿ ದಾನಪ್ಪ ಕೈ ಕುಲುಕಿದರು. “ನಮ್ಮ ಪದ್ಧತಿ ಗೊತ್ತದ ಅಲ್ಲರಿ? ಫಸ್ಟ್ ಬಂದವರ ಗ್ಯಾರೇಜಿನ್ಯಾಗ ಸಂಘದ ಸಾಮಾನು ವರ್ಷಪೂರ್ತಿ ಇಡೋದು. ಗೋಪಾಲಕೃಷ್ಣ ಅವರು ತಮ್ಮ ಅರಮನಿನೂ ಸಂಘಕ್ಕ ಕೊಟ್ಟಾರ. ಜ್ವಾಪಾನರಿ!”

ಸಂಜೆ ಜಯತೀರ್ಥನ ಹೊಸ ಕಾರು ರಸ್ತೆಗೆ ಬಿತ್ತು. ಕುರ್ಚಿ, ಪರದೆಗಳು ತುಂಬಿದ ಗ್ಯಾರೇಜಿನಲ್ಲಿ ಅರಮನೆಗೆ ಜಾಗ ಸಾಲಲಿಲ್ಲ. ಗೋಪಾಲಕೃಷ್ಣನೇ ಉಪಾಯ ಹೇಳಿದ: “ನಿಮ್ಮದರ ಮೇಲೇ ಇಟ್ಬಿಡೋಣ. ಬುನಾದಿ ಗಟ್ಟಿಯಾಗಿದೆ.”

ಅಳತೆ ಕೊಟ್ಟು ಮಾಡಿಸಿದಂತೆ ಮೈಸೂರು ಅರಮನೆ ಬುನಾದಿಯ ಮೇಲೆ ಕೂತಿತು. ದೀಪ ಹತ್ತಿದ್ದೇ ತಡ, ಬೀದಿಯ ಮಕ್ಕಳೆಲ್ಲ ಓಡಿಬಂದರು.

“ವಾವ್, ಗೋಪಾಲಕೃಷ್ಣ ಅಂಕಲ್!”

“ದಿನಾ ಸಂಜೆ ಒಂದು ಗಂಟೆ ಹತ್ತಿಸಿಡಿ ಜಯತೀರ್ಥ,” ಎಂದ ಗೋಪಾಲಕೃಷ್ಣ, ಖಾಲಿಯಾದ ತನ್ನ ಗ್ಯಾರೇಜಿನತ್ತ ನಡೆಯುತ್ತ. “ಮಕ್ಕಳು ನೋಡೋಕೆ ಬರ್ತಿರ್ತಾರೆ.”