ಜೋಳದ ಹೊಲದಲ್ಲಿ ವರ್ಷದ ಹತ್ತು ಆಲ್ಬಂ

ಈ ವರ್ಷ ಯಾರಿಗೂ ಹೆದರುವುದಿಲ್ಲ ಎಂದು ಸಿದ್ದಲಿಂಗೇಶ ತೀರ್ಮಾನಿಸಿದ್ದ. ಡಿಸೆಂಬರ್ ಮುಗಿಯುವುದರೊಳಗೆ ವರ್ಷದ ಹತ್ತು ಅತ್ಯುತ್ತಮ ಪ್ರೋಗ್ರೆಸಿವ್ ಮತ್ತು ಪವರ್ ಮೆಟಲ್ ಎಂಬ ಅಬ್ಬರದ ವಿದೇಶಿ ರಾಕ್ ಸಂಗೀತದ ಆಲ್ಬಂಗಳ ಪಟ್ಟಿಯನ್ನು ಸ್ವಂತ ಹೆಸರಿನಲ್ಲಿ, ಫೋಟೋ ಸಮೇತ, ಜಗತ್ತಿನ ಮುಂದೆ ಇಟ್ಟೇಬಿಡುವುದು! ಜಗತ್ತು ಎಂದರೆ ಹದಿನಾಲ್ಕು ಜನರ ಒಂದು ವಾಟ್ಸಾಪ್ ಗುಂಪು. ಅದರಲ್ಲೂ ಮೂವರು ಮ್ಯೂಟ್ ಮಾಡಿಟ್ಟಿದ್ದರು. ಆದರೇನು, ಎಂಬತ್ತೇಳು ಆಲ್ಬಂ ಕೇಳಿ, ಜರಡಿ ಹಿಡಿದು, ಹತ್ತನ್ನು ಆರಿಸಿದ ಮಹಾಪುರುಷ ಇಡೀ ಬಳ್ಳಾರಿಯಲ್ಲಿ ತಾನೊಬ್ಬನೇ ಎಂದು ಅವನು ನಂಬಿದ್ದ. ಇದ್ದರೂ ಇರಬಹುದು.

ಯಾರಿಗೂ ಹೆದರುವುದಿಲ್ಲ ಎಂದೆನಲ್ಲ, ಅದರಲ್ಲಿ ಹಚ್ಚೊಳ್ಳಿಯ ಮಾವ ಮರಿಬಸಪ್ಪ ಸೇರಿರಲಿಲ್ಲ. ಹೆಸರಿನಲ್ಲಷ್ಟೇ ಮರಿ, ಆಸಾಮಿ ಬಾಗಿಲಲ್ಲಿ ನಿಂತರೆ ಹಗಲಲ್ಲೂ ಒಳಗೆ ಲೈಟು ಹಾಕಬೇಕು. ಹೆಣ್ಣು ನೋಡಲು ಹೋದಾಗ ಅವರು, "ಏನರ ಹವ್ಯಾಸ ಐತೇನ್ರಿ?" ಎಂದು ಕೇಳಿದ್ದರು. "ಸಂಗೀತ ಅಂದ್ರ ಜೀವ ರೀ," ಎಂದಿದ್ದ ಇವನು. ಯಾವ ಸಂಗೀತ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ವಚನ ಗಾಯನವೇ ಇರಬೇಕೆಂದು ತಿಳಿದು, "ಸಂಸ್ಕಾರವಂತ ಹುಡುಗ" ಎಂದು ನಾಲ್ಕು ಜನರ ಮುಂದೆ ಹೊಗಳಿ ಮಗಳು ಸುನಂದಾಳನ್ನು ಕೊಟ್ಟರು. ಇದಾಗಿ ಆರು ವರ್ಷ. ನಿಜ ಗೊತ್ತಾದ ದಿನ ಆ ಮನೆಯಲ್ಲಿ ತನ್ನ ಮರ್ಯಾದೆ ಮುಗಿಯಿತು ಎಂಬ ಹೆದರಿಕೆಯಲ್ಲೇ ಸಿದ್ದಲಿಂಗೇಶ ಆರು ವರ್ಷ ಕಳೆದಿದ್ದ.

ಹೆಂಡತಿಗೂ ಗೊತ್ತಿರಲಿಲ್ಲ. ಎಲ್ಲ ಹೆಡ್‌ಫೋನಿನ ಕೃಪೆ! ಆದರೆ ಪಟ್ಟಿ ಅಂತಿಮವಾಗುವ ಭಾನುವಾರವೇ ಅದರ ವೈರು ಕಿತ್ತುಬಂತು. ಫಿನ್‌ಲ್ಯಾಂಡಿನ ಗಾಯಕನೊಬ್ಬ ಸ್ಪೀಕರಿನಿಂದ ಓಣಿಗೆಲ್ಲ ಕೇಳುವಂತೆ ಕಿರುಚಿದ. ಸುನಂದಾ ಕೈಯಲ್ಲಿ ರೊಟ್ಟಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಳು.

"ಯಾರಿಗೇನಾತ್ರಿ? ಯಾರಿವ ಹಿಂಗ ಹೊಯ್ಕೊಳ್ಳಾಕತ್ತಾನ?"

ನಿಜ ಹೇಳಿದರೆ ಸಂಜೆಯೊಳಗೆ ಹಚ್ಚೊಳ್ಳಿ ಮುಟ್ಟುತ್ತದೆ. ಸಿದ್ದಲಿಂಗೇಶ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ನಿಮ್ಮಪ್ಪನ ಹೊಲದಾಗ ಗಿಳಿ ಕಾಟ ಅಂದಿದ್ದೆಲ್ಲ? ಅವನ್ನ ಓಡ್ಸಾಕ ಹತ್ತು ಥರ ರೆಕಾರ್ಡಿಂಗ್ ಮಾಡಾಕತ್ತೀನಿ."

ಅದು ಪೂರ್ತಿ ಬುಡವಿಲ್ಲದ ಮಾತಲ್ಲ. ಜೋಳದ ತೆನೆ ಹಾಲು ತುಂಬಿತೆಂದರೆ ಅಟ್ಟಣೆ ಹತ್ತಿ ಕವಣೆ ಬೀಸುವ ಕಾಲ ಈಗ ಹೋಗಿದೆ. ಹೊಲದ ನಡುವೆ ಕಂಬ ನೆಟ್ಟು, ಅದಕ್ಕೊಂದು ಸ್ಪೀಕರ್ ಕಟ್ಟಿ, ನಾಯಿ ಬೊಗಳಿದ್ದು, ತಗಡು ಬಡಿದದ್ದು ತುಂಬಿದ ಪೆನ್ ಡ್ರೈವ್ ಸಿಕ್ಕಿಸಿಬಿಟ್ಟರೆ ಅದೇ ದಿನವಿಡೀ ಕಾವಲು ಕಾಯುತ್ತದೆ.

"ನಮ್ಮಪ್ಪನ ಮ್ಯಾಲ ಎಷ್ಟು ಕಾಳಜಿ ನಿಮಗ," ಎಂದು ಸುನಂದಾ ಕಣ್ಣೊರೆಸಿಕೊಂಡಳು. ಅಂದು ರೊಟ್ಟಿಗೆ ಎರಡು ಪಲ್ಯ ಬಿದ್ದವು.

ಸೋಮವಾರ ಮಧ್ಯಾಹ್ನ ಕಾಲೇಜಿನಲ್ಲಿ ಪಾಠ ಮುಗಿಸಿ ಮನೆಗೆ ಬಂದು ನೋಡುತ್ತಾನೆ, ಹತ್ತು ಆಲ್ಬಂಗಳನ್ನು ಕ್ರಮಸಂಖ್ಯೆ ಹಾಕಿ ತುಂಬಿಟ್ಟಿದ್ದ ಪೆನ್ ಡ್ರೈವ್ ಮೇಜಿನ ಮೇಲಿಲ್ಲ. ಕುರುಗೋಡಿನ ಶಾಲೆಯಲ್ಲಿ ಟೀಚರಾಗಿದ್ದ ಹೆಂಡತಿಗೆ ಫೋನ್ ಹಚ್ಚಿದ.

"ಅದನ್ನ ನಾನ ತಂದೆ. ಅಪ್ಪ ಬಸವಣ್ಣನ ದರ್ಶನಕ್ಕ ಕುರುಗೋಡಿಗೆ ಬಂದಿದ್ದ, ಅವನ ಕೈಯಾಗ ಕೊಟ್ಟೆ."

"ಕೊಟ್ಟೇಬಿಟ್ಟೀ?"

"ಹೂಂ. ನಿಮ್ಮ ಅಳಿಯ ಹತ್ತು ಥರ ಮಾಡ್ಯಾರ ಅಂದೆ. ಊರು ಮುಟ್ಟಿದ ಕೂಡ್ಲೆ ಹಚ್ತೀನಿ ಅಂತ ಖುಷಿಲೆ ಹೋದ."

ಸಿದ್ದಲಿಂಗೇಶ ಬೈಕು ಹತ್ತಿದ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೇಗೆ ಬಂದನೋ ಅವನಿಗೇ ನೆನಪಿಲ್ಲ. ನಾಲ್ಕನೆಯ ಆಲ್ಬಂನಲ್ಲಿ ಒಬ್ಬ ಗಂಟಲು ಹರಿಯುವಂತೆ ಗರ್ಜಿಸುತ್ತಾನೆ, ಅದನ್ನು ಕೇಳಿ ಮಾವ, "ಇದೇನಲೇ ಇದು?" ಎಂದು ಊರನ್ನೆಲ್ಲ ಸೇರಿಸಿದರೆ? ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಏಳನೇ ಸಲ ಫೋನ್ ಮಾಡಿದಾಗ ಮಾವ ಎತ್ತಿದರು.

"ಮಾವಾರ, ಆ ಪೆನ್ ಡ್ರೈವ್ ಹಚ್ಚಬ್ಯಾಡ್ರಿ. ಅದರಾಗ ವೈರಸ್ ಐತಿ."

"ನಮ್ಮ ಸ್ಪೀಕರಿನಾಗ ಕಡಜ ಗೂಡು ಕಟ್ಯಾವ್ರಿ, ಅದಕ್ಕೇನೂ ಆಗಿಲ್ಲ. ವೈರಸ್ಸು ಏನ್ ಮಾಡ್ತೈತಿ? ಬರ್ರಿ, ಬರ್ರಿ," ಎಂದು ಇಟ್ಟುಬಿಟ್ಟರು.

ಹಚ್ಚೊಳ್ಳಿಯ ಕಾಲುವೆ ದಾಟುವಾಗಲೇ ಕೇಳಿಸಿತು. ಒಂದನೇ ನಂಬರಿನ ಆಲ್ಬಂ! ಜೀವ ಬಾಯಿಗೆ ಬಂದಿದ್ದರೂ, ಈ ಸ್ಪೀಕರಿನಲ್ಲಿ ಬೇಸ್ ಗಿಟಾರ್ ಕೇಳಿಸುತ್ತಿಲ್ಲವಲ್ಲ ಎಂದು ಬೇಸರಪಟ್ಟ ಪುಣ್ಯಾತ್ಮ. ಹೊಲದ ಬದುವಿನ ಮೇಲೆ ಮರಿಬಸಪ್ಪ ಕೈಕಟ್ಟಿ ನಿಂತಿದ್ದರು, ಪಕ್ಕದಲ್ಲಿ ನೆರೆಹೊಲದ ಅಯ್ಯಣ್ಣ. ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ಸಿದ್ದಲಿಂಗೇಶ ಬೈಕು ನಿಲ್ಲಿಸಿ ಹತ್ತಿರ ಹೋದ.

"ಬರ್ರಿ ಅಳಿಯಂದ್ರ. ಒಂದೀಟೊಂದೀಟು ಎಲ್ಲಾ ಹಚ್ಚಿ ನೋಡಿದ್ವಿ," ಎಂದರು ಮಾವ. "ಹತ್ತನೇದು ಭೇಷ್ ಐತಿ. ಗಿಳಿ ಎಲ್ಲಾ ಎದ್ದು ಆಂಧ್ರದ ಕಡಿ ಹೋದ್ವು. ಏಳನೇದಕ್ಕ ಅಯ್ಯಣ್ಣನ ಎಮ್ಮಿ ಹಗ್ಗ ಹರಕೊಂಡು ಹೋತು."

"ಇನ್ನೂ ಸಿಕ್ಕಿಲ್ರಿ," ಎಂದ ಅಯ್ಯಣ್ಣ.

ಸಿದ್ದಲಿಂಗೇಶನಿಗೆ ಹೋದ ಜೀವ ಬಂತು. ಇವರಿಗೆ ಏನೂ ಗೊತ್ತಾಗಿಲ್ಲ! ಸುಮ್ಮನೆ ತಲೆಯಾಡಿಸಿ, ಒಂದು ಲೋಟ ಚಹಾ ಕುಡಿದು, ಮರ್ಯಾದೆಯಾಗಿ ಬಳ್ಳಾರಿಗೆ ಹೋಗಬಹುದಿತ್ತು.

"ಆದ್ರ ಈ ಒಂದನೇದು ಹಾಳ ಐತ್ರಿ," ಎಂದರು ಮಾವ. "ನೋಡ್ರಲ್ಲಿ, ಹೋದ ಗಿಳಿ ತಿರುಗಿ ಬಂದು ಕುಂತು ತಿನ್ನಾಕತ್ಯಾವ. ಅಳಿಸಿ ಬಿಡ್ರಿ ಇದನ್ನ."

ಹಾಳ? ಇಪ್ಪತ್ಮೂರು ನಿಮಿಷದ ಒಂದೇ ಹಾಡು, ಅದರಲ್ಲಿ ಏಳು ಸಲ ಬದಲಾಗುವ ತಾಳ. ಅದನ್ನು ಮೊದಲ ಸಲ ಕೇಳಿದಾಗ ಸಿದ್ದಲಿಂಗೇಶ ಬಚ್ಚಲಲ್ಲಿ ನಿಂತು ಅತ್ತಿದ್ದ. ಹೆದರಿಕೆ ಎಲ್ಲಿ ಹೋಯಿತೋ, ಬಾಯಿ ತಾನಾಗಿ ತೆರೆದುಕೊಂಡಿತು.

"ಏನ್ ಮಾತಾಡ್ತೀರಿ ಮಾವಾರ! ಈ ವರ್ಷ ಇಡೀ ಜಗತ್ತಿನಾಗ ಇದಕ್ಕಿಂತ ದೊಡ್ಡ ಸಂಗೀತ ಬಂದಿಲ್ಲ."

ಅಯ್ಯಣ್ಣ ಹೋಗಿ ಸ್ಪೀಕರ್ ಆರಿಸಿದ. ಹೊಲದಲ್ಲಿ ಗಿಳಿಗಳು ಕಾಳು ಕಡಿಯುವ ಸದ್ದಷ್ಟೇ ಉಳಿಯಿತು.

"ಸಂಗೀತ?" ಮರಿಬಸಪ್ಪ ನಿಧಾನವಾಗಿ ಕೇಳಿದರು. "ಹೆಣ್ಣು ನೋಡಾಕ ಬಂದಾಗ ಜೀವ ಅಂದಿದ್ರೆಲ್ಲ, ಅದು ಇದಾ?"

"ಹೌದ್ರಿ." ಕಣ್ಣು ಮುಚ್ಚಿಕೊಂಡು ನಿಂತ.

ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ಮಾವ ಬದುವಿನ ಮೇಲೆ ಕುಸಿದು ಕೂತು, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ಆರು ವರ್ಷ ಆತ್ರಿ, ನಿಮ್ಮ ಹೆದರಿಕಿಗೆ ನಾನು ಒಂದು ವಚನ ಬಾಯಿಬಿಟ್ಟು ಹಾಡಿಲ್ಲ. ಸಂಗೀತ ಬಲ್ಲ ಅಳಿಯ, ಶ್ರುತಿ ತಪ್ಪಿದ್ರ ಒಳಗ ನಗತಾನ ಅಂತ ಬಾಯಿ ಕಟ್ಕೊಂಡಿದ್ದೆ. ಇದನ್ನ ಮೆಚ್ಚೋರ ಮುಂದ ನನಗ್ಯಾವ ನಾಚಿಕಿ? ಕುಂದರ್ರಿ."

ಕೂತ. ಮಾವ ಗಂಟಲು ಸರಿಮಾಡಿಕೊಂಡು ಎತ್ತಿದರು ನೋಡಿ, ಆರು ವರ್ಷ ತಡೆದಿಟ್ಟ ದನಿ! ಅಯ್ಯಣ್ಣ ಎಮ್ಮೆ ಹುಡುಕುವ ನೆಪ ಹೇಳಿ ಜಾಗ ಬಿಟ್ಟ. ಜೋಳದಲ್ಲಿ ಕೂತಿದ್ದ ಅಷ್ಟೂ ಗಿಳಿಗಳು ಒಂದೇ ಏಟಿಗೆ ಎದ್ದವು. ಮೂರು ವಚನ ಮುಗಿದ ಮೇಲೆ ಮಾವ ತೃಪ್ತಿಯಿಂದ ಕಣ್ತೆರೆದರು.

"ನಿಮ್ಮ ಹತ್ತರಾಗ ಇದು ಎಷ್ಟನೇದು ಬರ್ತೈತ್ರಿ?"

ಸಿದ್ದಲಿಂಗೇಶ ಖಾಲಿ ಆಕಾಶವನ್ನು ನೋಡಿದ, ಮಾವನ ತೋಳುಗಳನ್ನು ನೋಡಿದ. "ಒಂದನೇದು ರೀ," ಎಂದ.

"ನಾನೂ ನೋಡೀನ್ರಿ, ಒಂದು ಗಿಳಿನೂ ಉಳಿದಿಲ್ಲ," ಎಂದರು ಮರಿಬಸಪ್ಪ. "ಮೊಬೈಲ್ ತೆಗೀರಿ, ಇನ್ನೊಂದ್ಸಲ ಹಾಡ್ತೀನಿ. ನಿಮ್ಮ ಒಂದನೇದನ್ನ ಅಳಿಸಿ ಆ ಜಾಗಕ್ಕ ಇದನ್ನ ಹಾಕ್ರಿ."