ಸೋಪಿನ ಅತ್ತೆ

ಬಸ್ಸಿನ ಕೆಲಸಕ್ಕೆ ಸೇರಿದವನಿಗೆ ಇಂಥವು ಆಗ್ತಾನೇ ಇರ್ತವೆ, ಬೇಡ ಅಂದರೂ ಬಿಡಲ್ಲ. ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಹೋಗೋ ಖಾಸಗಿ ಬಸ್ಸಿನಲ್ಲಿ ಹದಿನಾರು ವರ್ಷ ಟಿಕೆಟ್ ಹರಿದವನು ನಾನು. ಒಬ್ಬರ ಕೋಳಿ ಇನ್ನೊಬ್ಬರ ಚೀಲದಲ್ಲಿ ಕೂಗಿದ್ದನ್ನು ಕೇಳಿದ್ದೀನಿ. ಮದುವೆಗೆ ಹೊರಟವರು ತಿಥಿಮನೆ ಮುಂದೆ ಇಳಿದು ಊಟ ಮಾಡ್ಕೊಂಡೇ ಬಂದದ್ದನ್ನೂ ಕಂಡಿದ್ದೀನಿ. ಅವೆಲ್ಲ ಹೋಗಲಿ. ತೊಂಬತ್ತರ ದಶಕದ ಕೊನೆಯಲ್ಲಿ ಎರಡು ವರ್ಷ ನಾನು ರೇಡಿಯೋದಲ್ಲಿ ಅತ್ತೆಯಾಗಿದ್ದೆ. ಆ ಎರಡು ವರ್ಷದಲ್ಲಿ ಯಾರು ಯಾರನ್ನ ಬೈದರು ಅನ್ನೋ ಲೆಕ್ಕ ನನಗೆ ಇವತ್ತಿಗೂ ಹತ್ತಿಲ್ಲ. ನಿಮಗೆ ಹತ್ತಿದರೆ ದಯವಿಟ್ಟು ಹೇಳಿ.

ನಾನು ಅತ್ತೆಯಾದದ್ದು

ಹಾಸನದಲ್ಲಿ ಜಾಹೀರಾತು ಮಾಡುವವನೊಬ್ಬ ಒಂದು ದಿನ ಹಳೇಬೀಡಿನಲ್ಲಿ ನಮ್ಮ ಬಸ್ಸು ಹತ್ತಿದ. ಆಗಷ್ಟೇ ಒಬ್ಬಳು ಅಜ್ಜಿ ತನಗೆ ವಯಸ್ಸಾಗಿ ಮೈ ಅರ್ಧ ಆಗಿದೆ, ಅದಕ್ಕೆ ಅರ್ಧ ಟಿಕೆಟ್ಟೇ ಕೊಡು ಅಂತ ಜಗಳ ಆಡಿ ಇಳಿದುಹೋಗಿದ್ದಳು. ಅದನ್ನ ಅವಳ ಹಾಗೇ ಮಾತಾಡಿ ಡ್ರೈವರ್‌ಗೆ ತೋರಿಸ್ತಾ ಇದ್ದೆ. ಊರ ನಾಟಕಗಳಲ್ಲಿ ಸ್ತ್ರೀಪಾತ್ರ ಕಟ್ಟುತ್ತಿದ್ದವನು ನಾನು, ಹೆಂಗಸರ ಧ್ವನಿ ಸಲೀಸಾಗಿ ಬರೋದು. ಆ ಮನುಷ್ಯ ಎದ್ದು ಬಂದು, "ಬಟ್ಟೆ ಸೋಪಿನ ಜಾಹೀರಾತು ಒಂದಿದೆ. ಅತ್ತೆ ಪಾತ್ರದವರು ಕೈಕೊಟ್ಟಿದ್ದಾರೆ. ಭಾನುವಾರ ಬರ್ತೀರಾ?" ಅಂದ.

ಹೋದೆ. ಮಹಡಿ ಮೇಲೊಂದು ಕೋಣೆ, ಗೋಡೆಗೆಲ್ಲ ಕಂಬಳಿ ಹೊದಿಸಿದ್ದರು. "ಈ ಅತ್ತೆ ಕೇಳಿದವರಿಗೆ ಮೈ ಉರೀಬೇಕು, ಆದರೆ ಮರೀಬಾರದು," ಅಂದ ಆತ. ಯಾವ ಅತ್ತೆಯನ್ನ ತರೋದು? ನಮ್ಮತ್ತೆ ಕಣಕಟ್ಟೆಯವರು, ಬಾಯೇ ಬಿಡಲ್ಲ. ಕಣ್ಣು ಮುಚ್ಚಿದೆ. ನಮ್ಮಮ್ಮ ಬಂದುಬಿಟ್ಟಳು.

ನಮ್ಮಮ್ಮ ತುಂಬಾ ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳ ಮಾತು ಮೂಗಿನಲ್ಲಿ ಶುರುವಾಗಿ, ನೆತ್ತಿಗೆ ಹತ್ತಿ, ಕೊನೆಗೆ ಒಂದು ಉದ್ದನೆಯ "ಹ್ಞೂಂ"ನಲ್ಲಿ ಇಳಿಯುತ್ತೆ. ನಾನು ಮೈಕಿನ ಮುಂದೆ ಬಾಯಿಬಿಟ್ಟೆ: "ಇದನ್ನ ಬಿಳೀ ಪಂಚೆ ಅಂತಾರೇನಮ್ಮಾ? ನಾನೇನೂ ಅನ್ನಲ್ಲಪ್ಪ, ನೋಡಿದೋರು ಅಂತಾರೆ." ಆಮೇಲೆ ಸೊಸೆ ಆ ಸೋಪಿನಲ್ಲಿ ಒಗೆದು ತಂದು ತೋರಿಸಿದಾಗ, "ಹ್ಞೂಂ... ಇರ್ಲಿ."

"ಎಲ್ಲಿಂದ ತಂದ್ರಿ ಈ ಹೆಂಗಸನ್ನ?" ಅಂದ ಆತ, ಬಿದ್ದು ಬಿದ್ದು ನಗುತ್ತಾ. ಮನೆಯಿಂದ ಅಂತ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ.

ಬೆಳಗ್ಗೆ ಏಳಕ್ಕೆ ಮುಂಚೆ

ಹಾಸನದಿಂದ ವಾಪಸ್ ಬರೋವಾಗ ನನಗೆ ಭಯ ಹಿಡಿಯಿತು. ಅಪ್ಪ ಬೇಗ ಹೋದ ಮೇಲೆ ಒಂಟಿಯಾಗಿ ನನ್ನ ಸಾಕಿದವಳು ಅಮ್ಮ. ಆಡಿಕೊಳ್ಳೋದನ್ನ ಮಾತ್ರ ಸಹಿಸಲ್ಲ. ಸೋದರಮಾವ ಯಾವುದೋ ಮದುವೆಮನೆಯಲ್ಲಿ ಅವಳ ನಡಿಗೆಯನ್ನ ಅಣಕಿಸಿದ ಅಂತ ಹನ್ನೊಂದು ವರ್ಷ ಅವನ ಮನೆ ಹೊಸಿಲು ತುಳಿಯಲಿಲ್ಲ. ಅಷ್ಟು ಮಾಡಿದ್ದು ನಡಿಗೆಗೆ, ಅದೂ ಒಂದೇ ಸಲಕ್ಕೆ. ನಾನು ಧ್ವನಿಯನ್ನೇ ಕದ್ದು ದಿನಾ ಊರಿಗೆಲ್ಲ ಹಂಚೋಕೆ ಹೊರಟಿದ್ದೆ. ಗೊತ್ತಾದರೆ ನನ್ನ ಕೈಲಿ ನೀರು ಕುಡಿಯಲ್ಲ ಅಂತ ಖಾತ್ರಿಯಾಯಿತು.

ಮೊದಲ ದಿನ ಜಾಹೀರಾತು ಬಂದಾಗ ಮೂವರೂ ಅಡುಗೆಮನೆಯಲ್ಲೇ ಇದ್ದೆವು. ಎರಡು ಪದ ಮುಗಿಯೋದರೊಳಗೆ ನನ್ನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ಅವಳಿಗೆ ಆ ಧ್ವನಿ ಗೊತ್ತಿಲ್ಲದೆ ಇರುತ್ತಾ, ಮದುವೆಯಾಗಿ ಆರು ವರ್ಷ ಕೇಳಿದ್ದಾಳೆ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ರೊಟ್ಟಿ ತಟ್ಟೋದನ್ನ ನಿಲ್ಲಿಸಿ ರೇಡಿಯೋ ಕಡೆಗೇ ನೋಡ್ತಾ ಇದ್ದಳು.

"ಯಾರ್ಲಾ ಇವಳು?" ಅಂದಳು.

"ಯಾರೋ ಬೆಂಗಳೂರಿನವಳು," ಅಂದೆ.

"ಎಂಥ ಕೆಟ್ಟ ಬಾಯಿ ಐತಲ್ಲ. ಆ ಹುಡುಗಿ ಪಾಪ ಕೈ ತೇಯಂಗೆ ಒಗೆದೈತೆ." ಆಮೇಲೆ ರೇಡಿಯೋಗೇ ಹೇಳಿದಳು: "ಅಷ್ಟು ಕಣ್ಣು ಕಾಣ್ತದಾ ನಿನಗೆ? ನೀನೇ ಒಗಿ ಬಾ."

ಅಂದಿನಿಂದ ಅದೇ ರೂಢಿಯಾಯಿತು. ಏಳಕ್ಕೆ ಮುಂಚೆ ಜಾಹೀರಾತು ಬರೋದು, ಅಮ್ಮ ಎಲ್ಲಿದ್ದರೂ ಬಂದು ರೇಡಿಯೋ ಮುಂದೆ ನಿಂತು ಎದುರು ಮಾತಾಡಿ ಹೋಗೋಳು. ಒಂದು ದಿನ ತಪ್ಪಿದರೆ ಅವತ್ತೆಲ್ಲ ಏನೋ ಕಳಕೊಂಡವರ ಹಾಗೆ ಇರೋಳು. ನನ್ನ ಹೆಂಡತಿ ಇದನ್ನ ಚೆನ್ನಾಗಿಯೇ ಬಳಸಿಕೊಂಡಳು. ತವರಿಗೆ ಹೋಗಬೇಕು ಅಂದಾಗ ನಾನು ಹ್ಞೂಂ ಅನ್ನೋದು ಸ್ವಲ್ಪ ತಡವಾದರೆ, "ಅತ್ತೇ, ನಿಮಗೊಂದು ವಿಷಯ ಗೊತ್ತಾ?" ಅಂತ ಶುರು ಮಾಡೋಳು. ಆ ವರ್ಷ ಅವಳು ಕಣಕಟ್ಟೆಗೆ ಏಳು ಸಲ ಹೋಗಿ ಬಂದಳು.

ಮಾದಿಹಳ್ಳಿಯವಳ ಸಿಟ್ಟು

ಇನ್ನು ಬಸ್ಸಿನ ಕಥೆ. ಡ್ರೈವರ್ ಪಕ್ಕ ಒಂದು ರೇಡಿಯೋ ಇತ್ತು, ಅದರಲ್ಲೂ ನನ್ನ ಸೋಪಿನ ಅತ್ತೆ ಬಂದು ಹೋಗೋಳು. ಸೊಸೆಯರು ಕೇಳಿ ನಗೋರು, ಅತ್ತೆಯರು ಕೇಳಿ ಕಿಟಕಿಯಾಚೆ ನೋಡೋರು.

ಒಂದು ದಿನ ಮಾದಿಹಳ್ಳಿಯ ಒಬ್ಬ ಹೆಂಗಸು ಹತ್ತಿದಳು, ಐವತ್ತೈದರ ಮೇಲಿನ ವಯಸ್ಸು, ಮುಖವೆಲ್ಲ ಕೆಂಪಾಗಿತ್ತು. ಟಿಕೆಟ್ ಕೇಳಿದೆ.

"ಬೇಲೂರಿಗೆ ಕೊಡು. ಅಲ್ಲಿ ನಮ್ ತಂಗಿನ ಕರ್ಕಂಡು ಹಾಸನಕ್ ಹೋಗ್ಬೇಕು," ಅಂದಳು.

"ಆಸ್ಪತ್ರೆಗಾ, ಅಮ್ಮಾ?"

"ಅಲ್ಲ ಕಣಪ್ಪ. ಹಾಸನದ ರೇಡಿಯೋದಾಗೆ ಆ ಸೋಪಿನ ಅತ್ತೆ ಬರ್ತಾಳಲ್ಲ, ಅವಳನ್ನ ಕೇಳ್ಬೇಕು. ಅವಳು ಬಂದಾಗಿಂದ ನಾನು ಬಾಯಿ ಬಿಟ್ರೆ ನಮ್ ಸೊಸೆ ನಗ್ತಾಳೆ. ಮಜ್ಜಿಗೆಗೆ ಉಪ್ಪಿಲ್ಲ ಅಂದ್ರೂ ನಗ್ತಾಳೆ. ನನ್ ಮನೇಲಿ ನನಗೆ ಮಾತೇ ಇಲ್ದಂಗಾಗೈತೆ. ಒಬ್ಬಳೇ ಹೋದ್ರೆ ಸಾಲಲ್ಲ ಅಂತ ತಂಗಿನೂ ಕರೀತಿದೀನಿ."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಪಾಪ. ನನ್ನನ್ನ ಬೈಯೋಕೆ ಹೊರಟವಳಿಗೆ ನಾನೇ ಟಿಕೆಟ್ ಹರಿದುಕೊಟ್ಟು, ಒಬ್ಬನನ್ನ ಎಬ್ಬಿಸಿ ಸೀಟೂ ಕೊಡಿಸಿದೆ. ಹಾಸನದಲ್ಲಿ ಅಂಥ ಹೆಂಗಸೇ ಇಲ್ಲವಲ್ಲ, ಅಲೆದು ಸುಸ್ತಾಗಿ ವಾಪಸ್ ಬರ್ತಾಳೆ ಅಂತ ಧೈರ್ಯ ತಂದುಕೊಂಡೆ.

ವಾರ ಕಳೆದು ಅವಳು ಮತ್ತೆ ನಮ್ಮ ಬಸ್ಸಿಗೇ ಹತ್ತಿದಳು. ಮುಖ ಅರಳಿತ್ತು. ತಡೆಯಲಾರದೆ ಕೇಳಿದೆ, "ಸಿಕ್ಕಿದಳಾ ಅಮ್ಮಾ?"

"ಸಿಕ್ಕದೆ ಏನು. ಇಬ್ಬರೂ ಸೇರಿ ಚೆನ್ನಾಗಿ ಉಗಿದ್ವಿ. ತಪ್ಪಾಯ್ತು ಇನ್ ಮೇಲೆ ಹಂಗನ್ನಲ್ಲ ಅಂತ ಕೈ ಮುಗಿದಳು. ಕಾಫಿನೂ ಕೊಟ್ಟಳು, ಒಳ್ಳೆಯವಳೇ."

ಹಾಸನದಲ್ಲಿ ಉಗಿಸಿಕೊಂಡು ಕಾಫಿ ಕೊಟ್ಟ ಆ ತಾಯಿ ಯಾರು ಅಂತ ನಾನು ಇವತ್ತಿಗೂ ಯೋಚನೆ ಮಾಡ್ತೀನಿ.

ಟೀವಿಯಲ್ಲಿ ಬಂದವಳು

ಸೋಪು ಚೆನ್ನಾಗಿ ಓಡಿತು. ಟೀವಿಗೂ ಒಂದು ಮಾಡಿದರು. ತೆರೆಯ ಮೇಲೆ ಯಾರೋ ನಟಿ, ಮೂವತ್ತರ ಆಸುಪಾಸು, ತಲೆಗೆ ಬಿಳಿ ಬಳಿದಿದ್ದರು. ಧ್ವನಿ ಮಾತ್ರ ನನ್ನದು. ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ನಾನೇ ಅಮ್ಮನನ್ನ ಟೀವಿ ಇದ್ದ ಪಕ್ಕದ ಮೇಷ್ಟರ ಮನೆಗೆ ಕರ್ಕೊಂಡು ಹೋದೆ. ಇವಳೇ ಅವಳು ಅಂತ ಒಂದು ಸಲ ಕಣ್ಣಾರೆ ನೋಡಿಬಿಟ್ಟರೆ ನನ್ನ ತಂಟೆ ತಪ್ಪುತ್ತೆ ಅಂತ.

ಜಾಹೀರಾತು ಬಂತು. ಅಮ್ಮ ಕನ್ನಡಕ ಮೇಲೇರಿಸಿ ನೋಡಿದಳು. ಮುಗಿದ ಮೇಲೆ, "ಇವಳಲ್ಲ," ಅಂದಳು.

"ಅವಳೇ ಅಮ್ಮ. ಬಾಯಿ ಆಡ್ತಾ ಇತ್ತಲ್ಲ," ಅಂದೆ.

"ಬಾಯಿ ಆಡಿದ್ರೆ ಆಯ್ತಾ? ಅವಳು ಇಷ್ಟು ಬೆಳ್ಳಗಿಲ್ಲ. ಕಪ್ಪು. ಗಿಡ್ಡಕೆ. ಹಣೆ ಅಗಲ. ಮೂಗಿಗೆ ಎರಡು ಕಡೆ ಮೂಗುಬಟ್ಟು."

ಮೇಷ್ಟರು ನನ್ನ ಮುಖ ನೋಡಿದರು. ನಾನು ಕಪ್ಪು. ಗಿಡ್ಡ. ಹಣೆ ವಿಷಯ ನಮ್ಮ ಡ್ರೈವರ್ ದಿನಾ ಹೇಳ್ತಾನೆ. ನಾಟಕದಲ್ಲಿ ಸ್ತ್ರೀಪಾತ್ರ ಕಟ್ಟಿದಾಗ ಎರಡು ಕಡೆ ಮೂಗುಬಟ್ಟು ಅಂಟಿಸಿಕೊಳ್ತಿದ್ದೆ. ಅಮ್ಮನಿಗೆ ಎಲ್ಲ ಗೊತ್ತಾಗಿದೆ, ನನ್ನನ್ನ ಸುಮ್ಮನೆ ಕಾಡಿಸ್ತಿದ್ದಾಳೆ ಅಂದುಕೊಂಡೆ. ಮನೆಗೆ ಬಂದ ಮೇಲೆ ನೋಡಿದರೆ ಅಮ್ಮ ಎಂದಿನ ಹಾಗೇ ಬಡಿಸಿದಳು, ತುಪ್ಪವನ್ನೂ ಹಾಕಿದಳು. ಗೊತ್ತಾಗಿದ್ದರೆ ತುಪ್ಪ ಹಾಕ್ತಾಳಾ? ಗೊತ್ತಾಗಿಲ್ಲದಿದ್ದರೆ ನನ್ನ ಮುಖವನ್ನ ಹಾಗೆ ಯಾಕೆ ವರ್ಣಿಸಿದಳು? ತಿಂದ ಅನ್ನದ ರುಚಿ ನನಗೆ ಗೊತ್ತಾಗಲಿಲ್ಲ.

ಗಂಟಲು ಕಟ್ಟಿದ ಭಾನುವಾರ

ಎರಡನೇ ವರ್ಷ ಅದೇ ಅತ್ತೆಯನ್ನಿಟ್ಟು ಹೊಸ ಜಾಹೀರಾತು ಮಾಡೋದು ಅಂತಾಯಿತು. ಅದೇ ಹೊತ್ತಿಗೆ ನನಗೆ ನೆಗಡಿಯಾಗಿ ಗಂಟಲು ಪೂರ್ತಿ ಕಟ್ಟಿತು. ಬಸ್ಸಿನಲ್ಲಿ ರೈಟ್ ಅನ್ನೋಕೂ ತಗಡು ಬಡಿಯುತ್ತಿದ್ದೆ. ರೆಕಾರ್ಡಿಂಗಿಗೆ ಬರೋಕಾಗಲ್ಲ ಅಂತ ಹೇಳಿಕಳಿಸಿದೆ. ಜಾಹೀರಾತಿನವನು ಯಾರ ಹತ್ತಿರವೋ ವಿಳಾಸ ಕೇಳಿಕೊಂಡು, ಭಾನುವಾರ ಮಧ್ಯಾಹ್ನ ಸೀದಾ ನಮ್ಮ ಮನೆಗೇ ಬಂದುಬಿಟ್ಟ.

ಅಮ್ಮ ನಡುಮನೆಯಲ್ಲೇ ಕೂತು ರಾಗಿ ಕೇರ್ತಾ ಇದ್ದಳು. ನಾನು ಬಾಗಿಲಲ್ಲೇ ಅವನಿಗೆ ಮೆಲ್ಲಗೆ ಅಂತ ಕೈ ಮಾಡಿದೆ. ಗಂಟಲು ಹೋದವನಿಗೆ ಕಿವಿಯೂ ಹೋಗಿದೆ ಅಂದುಕೊಂಡನೋ ಏನೋ, ಇನ್ನೂ ಜೋರಾಗಿ ಶುರು ಮಾಡಿದ.

"ಏನ್ರೀ ಇದು, ನಾಳೆ ರೆಕಾರ್ಡಿಂಗ್ ಇಟ್ಕೊಂಡು ಹೀಗೆ ಮಾಡಿದ್ರೆ? ಮೂವರು ಹೆಂಗಸರನ್ನ ಕರೆಸಿ ನೋಡಿದೆ. ಒಬ್ಬರಿಗೂ ನಿಮ್ಮ ಹಾಗೆ ಸೋಪಿನ ಅತ್ತೆ ಬರಲ್ಲ."

ಮೊರದ ಸದ್ದು ನಿಂತಿತು. ಅಮ್ಮ ನನ್ನ ನೋಡಿದಳು, ಅವನನ್ನ ನೋಡಿದಳು, ಎದ್ದು ಅಡುಗೆಮನೆಗೆ ಹೋದಳು. ಎರಡು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದು ಆಗಿಹೋಯಿತು. ಹಿಂದೆಯೇ ಓಡಿದೆ. ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಹೇಳಲ್ಲ.

"ತಪ್ಪಾಯ್ತಮ್ಮ," ಅಂದೆ, ಧ್ವನಿಯಿಲ್ಲದೆ ಬರೀ ಗಾಳಿಯಲ್ಲೇ. "ನಿನ್ನ ಆಡಿಕೊಳ್ಳೋಕೆ ಮಾಡಿದ್ದಲ್ಲ. ನನಗೆ ಬೇರೆ ಯಾರ ಧ್ವನೀನೂ ಬರ್ಲಿಲ್ಲ."

ಅಮ್ಮ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ನನಗಿಂತ ಹೆಚ್ಚು ಗೊಂದಲ ಇತ್ತು.

"ನನ್ ಧ್ವನಿ ಯಾಕಾಗ್ತದ್ಲಾ ಅದು? ಅದು ನಿಮ್ಮಜ್ಜಿ. ನಮ್ಮತ್ತೆ. ಮಾತು, ಆ ಹ್ಞೂಂ ಅನ್ನೋದು, ಎಲ್ಲಾ ಅವಳದೇ. ಹುಲಿಕೆರೆಯಿಂದ ಸೊಸೆಯಾಗಿ ಬಂದೋಳು ನಾನು. ನೀನು ಹುಟ್ಟೋಕೆ ಮುಂಚೆ ಆರು ವರ್ಷ ಅವಳ ಕೈಲಿ ಬೈಸ್ಕಂಡೆ. ಒಂದಿನ ಎದುರಾಡಲಿಲ್ಲ, ಬಾಯಿ ಬರ್ಲಿಲ್ಲ. ಈ ಎರಡು ವರ್ಷ ರೇಡಿಯೋದಾಗೆ ಅವಳು ಬಂದಾಗ ಎಲ್ಲಾ ಹೇಳ್ಬಿಟ್ಟೆ. ಎದೆ ಹಗುರಾಗೈತೆ. ಆದ್ರೆ ನೀನು ಹೊಟ್ಟೇಲಿದ್ದಾಗಲೇ ಅವಳು ಹೋದಳು. ನೀನು ಎಲ್ಲಿ ಕೇಳಿದ್ಯಲಾ ಅವಳನ್ನ?"

ನಾನು ಅವಳ ಬಾಯನ್ನೇ ನೋಡಿದೆ.

"ನಾನು ನಿನ್ ಹೆಂಡ್ತಿಗೆ ಯಾವತ್ತಾದ್ರೂ ಹಂಗೆ ಮಾತಾಡಿದ್ದೀನೇನ್ಲಾ?" ಅಂದಳು ಅಮ್ಮ. ಮೂಗಿನಲ್ಲಿ ಶುರುವಾಗಿ, ನೆತ್ತಿಗೆ ಹತ್ತಿ, ಕೊನೆಯಲ್ಲಿ ಸರಿಯಾಗಿ ಇಳಿಯಿತು.

ಇಲ್ಲ ಅಂತ ತಲೆ ಆಡಿಸಿದೆ. ಬದುಕಿದೆ ಅನ್ನಿಸಿತು, ಜೊತೆಗೆ ತಲೆ ಗಿರ್ರ್ ಅಂತಿತ್ತು.

ಅಷ್ಟು ಹೊತ್ತಿಗೆ ನನ್ನ ಹೆಂಡತಿ ಹಿತ್ತಲ ಕಡೆಯಿಂದ ನೀರಿನ ಕೊಡ ಹೊತ್ತು ನಡುಮನೆಗೆ ಬಂದಳು. ಜಾಹೀರಾತಿನವನು ನಮ್ಮನ್ನ ಹುಡುಕಿಕೊಂಡು ಚಪ್ಪಲಿ ಸಮೇತ ಒಳಗೆ ಬಂದು ನಿಂತಿದ್ದ. ಕೊಡ ಇಳಿಸಿದ ಸದ್ದು ಕೇಳಿತು, ಆಮೇಲೆ ಮಾತು ಕೇಳಿತು.

"ಅಲ್ರೀ, ಈಗ ತಾನೇ ಸಾರಿಸಿರೋ ನೆಲ ಇದು. ಚಪ್ಪಲಿ ಬಾಗಿಲಲ್ಲಿ ಬಿಡೋದು ನಿಮ್ ಕಡೆ ಇಲ್ವೇನೋ. ಯಾರು ಏನಂದಾರು ನಿಮಗೆ, ನೆಲ ಒರೆಸೋರು ನಾವಿದ್ದೀವಲ್ಲ. ಹ್ಞೂಂ... ಇರ್ಲಿ."

ಅವನು ಚಪ್ಪಲಿ ಬಿಡೋದನ್ನ ಮರೆತು, ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟಿದ್ದ. ಮುಖದ ಮೇಲೆ ಕಳೆದುಹೋದ ದನ ಸಿಕ್ಕಿದವನ ಸಂತೋಷ ಇತ್ತು. ಅಡುಗೆಮನೆ ಬಾಗಿಲ ಹತ್ತಿರ ಬಂದು, "ಈಗ ಮಾತಾಡಿದ್ದು ಯಾರು?" ಅಂತ ಕೇಳಿದ.

ನನಗೆ ಗಂಟಲಿರಲಿಲ್ಲ. ಅಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಸೊಸೆಯನ್ನ ಅಡಿಯಿಂದ ಮುಡಿಯ ತನಕ ನೋಡ್ತಾ ನಿಂತಿದ್ದಳು. ಅವಳೇ ಹೇಳಿದಳು:

"ನಮ್ಮತ್ತೆ."